ಪ್ಯಾಮ್ ಗ್ರಿಯರ್ ಅವರ ಚಿತ್ರಗಳನ್ನು ನೋಡುವ ಕ್ರಮ

ಅಮೆರಿಕದ ಆ್ಯಕ್ಷನ್ ಚಿತ್ರಗಳಲ್ಲಿ ನಾಯಕಿಯಾಗಿ ಮೆರೆದ ಮೊದಲ ಕಪ್ಪು ನಟಿಯರಲ್ಲಿ ಪ್ಯಾಮ್ ಗ್ರಿಯರ್ ಪ್ರಮುಖರು. ಅವರ ಚಿತ್ರಗಳನ್ನು ಹೊಸದಾಗಿ ನೋಡುವವರು ಬಿಡುಗಡೆಯ ಕ್ರಮವನ್ನು ಬದಿಗಿಟ್ಟು 1973ರ ‘ಕಾಫಿ’ಯಿಂದ (Coffy) ಆರಂಭಿಸುವುದು ಒಳ್ಳೆಯದು. ಈ ಚಿತ್ರಗಳಲ್ಲಿ ರಕ್ತಪಾತವೂ ನಗ್ನತೆಯೂ ಹೇರಳವಾಗಿರುವುದರಿಂದ ಇವು ವಯಸ್ಕರಿಗೆ ಮಾತ್ರ ತಕ್ಕವು.

ಮಾದಕ ವಸ್ತುವಿನ ಚಟಕ್ಕೆ ಸಿಲುಕಿದ ತಂಗಿಗಾಗಿ ಸೇಡು ತೀರಿಸಿಕೊಳ್ಳಲು ಹೊರಟ ನರ್ಸ್ ಒಬ್ಬಳ ಕಥೆ ‘ಕಾಫಿ’ಯದು. ಕೂದಲಿನೊಳಗೆ ಬ್ಲೇಡುಗಳನ್ನು ಅಡಗಿಸಿಟ್ಟುಕೊಂಡು ಅವಳು ಹೊಡೆದಾಡುವ ದೃಶ್ಯವನ್ನು ಎಲ್ಲರೂ ನೆನೆಯುತ್ತಾರೆ. ಆದರೆ ಮೊದಲ ನೋಟದಲ್ಲೇ ಗಮನಿಸಬೇಕಾದದ್ದು ಹೊಡೆದಾಟಗಳ ನಡುವೆ ಗ್ರಿಯರ್ ಅವರ ಮುಖದಲ್ಲಿ ಮೂಡುವ ದಣಿವು ಮತ್ತು ಹಿಂಜರಿಕೆ. ಕಡಿಮೆ ಹಣದಲ್ಲಿ, ಅವಸರದಲ್ಲಿ ತಯಾರಾದ ಚಿತ್ರವೊಂದರಲ್ಲಿ ಅಂಥ ನಟನೆಯನ್ನು ಯಾರೂ ಅವರಿಂದ ಕೇಳಿರಲಾರರು. ಅದನ್ನು ಅವರಾಗಿಯೇ ತಂದುಕೊಟ್ಟರು ಎಂದೇ ನಾನು ನಂಬುತ್ತೇನೆ.

ಆ ಬಳಿಕ ಎರಡು ವರ್ಷ ಹಿಂದಕ್ಕೆ ಹೋಗಿ ‘ದಿ ಬಿಗ್ ಡಾಲ್ ಹೌಸ್’ ನೋಡಬೇಕು. 1949ರಲ್ಲಿ ನಾರ್ತ್ ಕೆರೊಲಿನಾದ ವಿನ್‌ಸ್ಟನ್-ಸೇಲಂನಲ್ಲಿ ಹುಟ್ಟಿ, ಲಾಸ್ ಏಂಜಲೀಸ್‌ಗೆ ಬಂದು, ಅಮೆರಿಕನ್ ಇಂಟರ್‌ನ್ಯಾಷನಲ್ ಪಿಕ್ಚರ್ಸ್ ಸಂಸ್ಥೆಯಲ್ಲಿ ರಿಸೆಪ್ಷನಿಸ್ಟ್ ಆಗಿದ್ದ ಗ್ರಿಯರ್, ಫಿಲಿಪೈನ್ಸ್‌ನಲ್ಲಿ ಚಿತ್ರೀಕರಣಗೊಂಡ ಈ ಮಹಿಳಾ ಜೈಲಿನ ಕಥೆಯಿಂದ ಬೆಳಕಿಗೆ ಬಂದರು. ಕಥೆ ಸಾಧಾರಣವಾದದ್ದು. ಆದರೂ ಇದಕ್ಕಾಗಿ ಅವರೇ ಹಾಡಿದ ‘ಲಾಂಗ್ ಟೈಮ್ ವುಮನ್’ ಹಾಡನ್ನು ಗಮನವಿಟ್ಟು ಕೇಳಬೇಕು, ಏಕೆಂದರೆ ಅದೇ ಧ್ವನಿ 26 ವರ್ಷಗಳ ನಂತರದ ‘ಜಾಕಿ ಬ್ರೌನ್’ನಲ್ಲಿ ಮತ್ತೆ ಕೇಳಿಬರುತ್ತದೆ.

ಮೂರನೆಯದಾಗಿ 1974ರ ‘ಫಾಕ್ಸಿ ಬ್ರೌನ್’ ನೋಡಿ. ಮೊದಲು ಇದನ್ನು ‘ಕಾಫಿ’ಯ ಮುಂದುವರಿದ ಭಾಗವಾಗಿ ಯೋಜಿಸಿದ್ದರು; ಎರಡರ ನಿರ್ದೇಶಕರೂ ಜ್ಯಾಕ್ ಹಿಲ್. ಹೀಗಾಗಿ ಇವೆರಡನ್ನು ಹೋಲಿಸಿ ನೋಡಿದರೆ, ಸಂಕಟದಲ್ಲಿದ್ದ ನರ್ಸ್ ಹೇಗೆ ಅಳುಕಿಲ್ಲದ ನಾಯಕಿಯಾಗಿ ಮಾರ್ಪಟ್ಟಳೆಂಬುದು ತಿಳಿಯುತ್ತದೆ. ಇಂಥ ಚಿತ್ರಗಳು ಕಪ್ಪು ಜನರನ್ನು ಅಪರಾಧ ಲೋಕದೊಂದಿಗೇ ಬೆಸೆಯುತ್ತವೆ ಎಂದು ಆ ಕಾಲದ ಕಪ್ಪು ನಾಗರಿಕ ಹಕ್ಕುಗಳ ಸಂಘಟನೆಗಳು ಆಕ್ಷೇಪಿಸಿದ್ದವು. ಆ ಆಕ್ಷೇಪದಲ್ಲಿ ಹುರುಳಿದೆ, ಅದನ್ನು ಮರೆಯದೆ ನೋಡಬೇಕು. 1975ರ ಚಿತ್ರಗಳ ಪೈಕಿ ಛಾಯಾಗ್ರಾಹಕಿಯ ಪಾತ್ರವಿರುವ ‘ಫ್ರೈಡೇ ಫಾಸ್ಟರ್’ ಒಂದನ್ನು ನೋಡಿದರೆ ಸಾಕು.

ಕಪ್ಪು ನಟರ ಇಂಥ ಆ್ಯಕ್ಷನ್ ಚಿತ್ರಗಳ ಅಲೆ ಇಳಿದ ಮೇಲೆ ಅವರಿಗೆ ದೊರೆತವು ಬಹುಮಟ್ಟಿಗೆ ಪೋಷಕ ಪಾತ್ರಗಳು. 1981ರ ‘ಫೋರ್ಟ್ ಅಪಾಚೆ, ದಿ ಬ್ರಾಂಕ್ಸ್’ನಲ್ಲಿ ಅವರು ಕಾಣಿಸಿಕೊಳ್ಳುವುದು ಸ್ವಲ್ಪ ಹೊತ್ತು ಮಾತ್ರ, ಆದರೆ ನಶೆಯಲ್ಲಿ ಕೊಲೆಗಿಳಿಯುವ ಆ ಹೆಣ್ಣಿನ ಪಾತ್ರದಲ್ಲಿ ಅವರನ್ನು ನೋಡಿದಾಗ ನಿಜಕ್ಕೂ ಭಯವಾಗುತ್ತದೆ.

1997ರ ‘ಜಾಕಿ ಬ್ರೌನ್’ ಅನ್ನು ಕೊನೆಗೇ ಉಳಿಸಿಕೊಳ್ಳಬೇಕು. ಎಲ್ಮೋರ್ ಲೆನರ್ಡ್ ಅವರ ಕಾದಂಬರಿಯಲ್ಲಿ ಬಿಳಿಯಳಾಗಿದ್ದ ನಾಯಕಿಯನ್ನು ನಿರ್ದೇಶಕ ಕ್ವೆಂಟಿನ್ ಟ್ಯಾರಂಟಿನೊ ಗ್ರಿಯರ್ ಅವರಿಗಾಗಿಯೇ ಬದಲಿಸಿ ಬರೆದರು. ಈ ಪಾತ್ರಕ್ಕೆ ಅವರು ಗೋಲ್ಡನ್ ಗ್ಲೋಬ್ ಪ್ರಶಸ್ತಿಗೆ ನಾಮನಿರ್ದೇಶನಗೊಂಡರು. ಇಲ್ಲಿ ಹೊಡೆದಾಟವನ್ನು ನಿರೀಕ್ಷಿಸಬೇಡಿ. ನಡುವಯಸ್ಸಿನ ಗಗನಸಖಿಯೊಬ್ಬಳು ಪೊಲೀಸರು ಮತ್ತು ಶಸ್ತ್ರಾಸ್ತ್ರ ಮಾರಾಟಗಾರನ ನಡುವೆ ಸಿಕ್ಕಿಬಿದ್ದು, ಕೆಲಸ ಹೋದರೆ ಮುಂದೇನು ಎಂಬ ಚಿಂತೆಯಲ್ಲೇ ಇಬ್ಬರನ್ನೂ ಬುದ್ಧಿಯಿಂದ ಸೋಲಿಸುವಾಗ, ಅವಳು ಮಾತಾಡುವುದಕ್ಕಿಂತ ಎದುರಿನವರ ಮಾತನ್ನು ಕೇಳಿಸಿಕೊಳ್ಳುವ ಕ್ಷಣಗಳನ್ನು ಗಮನಿಸಿ.