ಬಿಇ ಸೀಟು ಸಿಕ್ಕಿತು, ಫೀಸಿಗೆ ಏನು ಮಾಡೋದು?

ಸಿಇಟಿ ಸೀಟು ಖಾತ್ರಿಯಾದ ದಿನ ಮನೆಯಲ್ಲಿ ಪೇಡೆ ಹಂಚುತ್ತಾರೆ. ಮರುದಿನವೇ ಲೆಕ್ಕ ಶುರು. ಕಾಲೇಜಿನ ಫೀಸು, ಹಾಸ್ಟೆಲ್ಲು, ಪುಸ್ತಕ, ಲ್ಯಾಪ್‌ಟಾಪು. ತೊಗರಿ ರಾಶಿಯಾಗಲು ಇನ್ನೂ ನಾಲ್ಕೈದು ತಿಂಗಳು ಇರುತ್ತದೆ. ಕಲಬುರಗಿಯ ಪಿಡಿಎ ಇಂಜಿನಿಯರಿಂಗ್ ಕಾಲೇಜು ಇರಲಿ, ಬೀದರಿನ ಗುರುನಾನಕ್ ದೇವ್ ಇರಲಿ, ಅಡ್ಮಿಷನ್ ಕೌಂಟರಿನ ಮುಂದೆ ನಿಂತ ಅಪ್ಪಂದಿರ ಮುಖ ನೋಡಿದರೆ ಇದು ಗೊತ್ತಾಗುತ್ತದೆ.

ಹುಡುಗಿಯರಿಗೆ ವಿದ್ಯಾರ್ಥಿವೇತನ ಇಲ್ಲವೇ? ಇದೆ. ಅದು ಕೈತಪ್ಪುವುದು ಹೆಚ್ಚಾಗಿ ಅಂಕ ಕಡಿಮೆಯಾಗಿ ಅಲ್ಲ, ಕಾಗದ ಸರಿ ಇಲ್ಲದೆ. ನಮ್ಮ ಅಕ್ಕನ ಮಗಳ ಕಥೆಯೇ ಇದೆ. ಅವಳ ಹೆಸರಿನ ಕೊನೆಯ 'ಶ್ರೀ' ಇಂಗ್ಲಿಷಿನಲ್ಲಿ ಆಧಾರಿನಲ್ಲಿ ಒಂದು ಥರ, ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೊಂದು ಥರ. ಒಂದು ಕಡೆ ಎರಡು 'ಇ', ಇನ್ನೊಂದು ಕಡೆ ಒಂದು 'ಐ'. ಅರ್ಜಿ ವಾಪಸ್ ಬಂತು. ತಿದ್ದಿಸಿಕೊಂಡು ಬರುವಷ್ಟರಲ್ಲಿ ಕೊನೆಯ ದಿನ ಮುಗಿದಿತ್ತು. ಅದು 'ಪ್ರಗತಿ' ಎಂಬ ಸ್ಕಾಲರ್‌ಶಿಪ್, ಕೋರ್ಸಿಗೆ ಸೇರಿದ ವರ್ಷ ಮಾತ್ರ ಹಾಕಬಹುದಾದ ಅರ್ಜಿ. ಹೋದದ್ದು ಒಂದು ವರ್ಷದ 50,000 ಅಲ್ಲ, ನಾಲ್ಕು ವರ್ಷದ 2 ಲಕ್ಷ.

ಅದಕ್ಕೇ ಪೋರ್ಟಲ್ ತೆರೆಯುವುದಕ್ಕೆ ಕಾಯಬೇಡಿ. ಸಿಇಟಿ ಫಲಿತಾಂಶ ಬಂದ ವಾರವೇ ಈ ಕೆಲಸ ಹಿಡಿಯಿರಿ.

ಮೊದಲು ಹೆಸರು

ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡು, ಆಧಾರ್, ಬ್ಯಾಂಕ್ ಪಾಸ್‌ಬುಕ್ಕು. ಮೂರನ್ನೂ ಮಂಚದ ಮೇಲೆ ಪಕ್ಕಪಕ್ಕ ಇಡಿ. ಅಕ್ಷರಕ್ಕೆ ಅಕ್ಷರ ಓದಿ. ಇನಿಷಿಯಲ್ ಮುಂದಿದೆಯೋ ಹಿಂದಿದೆಯೋ, ಅಪ್ಪನ ಹೆಸರು ಪೂರ್ತಿ ಇದೆಯೋ, ಹುಟ್ಟಿದ ದಿನ ಒಂದೇ ಇದೆಯೋ ನೋಡಿ. ವ್ಯತ್ಯಾಸ ಕಂಡರೆ ಮಾರ್ಕ್ಸ್ ಕಾರ್ಡನ್ನೇ ಮೂಲ ಎಂದು ಇಟ್ಟುಕೊಂಡು ಆಧಾರ್ ತಿದ್ದಿಸಿ. ಮಾರ್ಕ್ಸ್ ಕಾರ್ಡು ತಿದ್ದಿಸುವುದು ಅದಕ್ಕಿಂತ ದೊಡ್ಡ ತಲೆನೋವು. ಆದರೆ ಆಧಾರಿನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ, ಹುಟ್ಟಿದ ದಿನಕ್ಕೆ ಒಂದೇ. ಸುಮ್ನೆ ಅಂದಾಜಿನ ಮೇಲೆ ತಿದ್ದಿಸಲು ಹೋಗಬೇಡಿ.

ಆಮೇಲೆ ಜಾತಿ ಮತ್ತು ಆದಾಯ ಪ್ರಮಾಣಪತ್ರ. ನಾಡಕಚೇರಿಯಲ್ಲಿ ಅಥವಾ ಗ್ರಾಮ ಒನ್ ಕೇಂದ್ರದಲ್ಲಿ ಅರ್ಜಿ ಕೊಡಬಹುದು. ಪತ್ರದ ಮೇಲಿನ 'ಆರ್‌ಡಿ' ಸಂಖ್ಯೆಯೇ ಮುಖ್ಯ, ರಾಜ್ಯದ ಪೋರ್ಟಲ್ ಕೇಳುವುದು ಅದನ್ನೇ. ಅಪ್ಪ ಪುಣೆಗೋ ಹೈದರಾಬಾದಿಗೋ ದುಡಿಯಲು ಹೋಗಿದ್ದರೆ, ಊರಿಗೆ ಬಂದಾಗಲೇ ಸಹಿ ಮತ್ತು ಆಧಾರ್ ಕೆಲಸ ಎಲ್ಲ ಮುಗಿಸಿಕೊಳ್ಳಿ. ಮತ್ತೆ ಬರುವುದು ದೀಪಾವಳಿಗೇ.

ಒಂದು ಮಾತು. ನಮ್ಮ ಕಡೆ ಬಹಳ ಜನ, ಕಲ್ಯಾಣ ಕರ್ನಾಟಕದವರಿಗೆ ಸಿಗುವ 371(ಜೆ) ಪ್ರಮಾಣಪತ್ರ ತೋರಿಸಿದರೆ ಸ್ಕಾಲರ್‌ಶಿಪ್ ಬರುತ್ತದೆ ಎಂದುಕೊಂಡಿದ್ದಾರೆ. ಅದು ಸೀಟಿಗೆ ಮತ್ತು ಸರ್ಕಾರಿ ನೌಕರಿಗೆ. ಸ್ಕಾಲರ್‌ಶಿಪ್ ದಾರಿ ಬೇರೆ.

ಖಾತೆ

ಸರ್ಕಾರದ ದುಡ್ಡು ನೀವು ಬರೆದುಕೊಟ್ಟ ಖಾತೆಗೆ ಬರುವುದಿಲ್ಲ, ಆಧಾರಿಗೆ ಜೋಡಣೆಯಾದ ಖಾತೆಗೆ ಬರುತ್ತದೆ. ಎರಡು ಖಾತೆ ಇದ್ದರೆ ಕೊನೆಗೆ ಯಾವುದು ಜೋಡಣೆಯಾಗಿದೆಯೋ ಅದಕ್ಕೆ. "ರೊಕ್ಕ ಬಂದಿಲ್ರಿ" ಎಂದು ಅಳುತ್ತ ಬಂದ ಹುಡುಗಿಯೊಬ್ಬಳ ದುಡ್ಡು, ಸಿಮ್ ಕೊಳ್ಳುವಾಗ ಅಂಗಡಿಯವನು ತೆರೆದುಕೊಟ್ಟ ಪೇಮೆಂಟ್ಸ್ ಬ್ಯಾಂಕ್ ಖಾತೆಯಲ್ಲಿ ಆರಾಮಾಗಿ ಕೂತಿತ್ತು. ಅಂಥ ಖಾತೆ ಇದೆ ಎಂಬುದೇ ಅವಳಿಗೆ ನೆನಪಿರಲಿಲ್ಲ. ಮೈಆಧಾರ್ ಜಾಲತಾಣದಲ್ಲಿ ಬ್ಯಾಂಕ್ ಸೀಡಿಂಗ್ ಸ್ಥಿತಿ ನೋಡಿದರೆ ಯಾವ ಬ್ಯಾಂಕು ಎಂದು ತಿಳಿಯುತ್ತದೆ. ಖಾತೆ ಮಗಳ ಹೆಸರಿನಲ್ಲೇ ಇರಲಿ, ಅಪ್ಪನದು ನಡೆಯುವುದಿಲ್ಲ.

ಯಾವುದಕ್ಕೆ ಅರ್ಜಿ?

ಹುಡುಗಿಯರಿಗೆಂದೇ ಇರುವ ದೊಡ್ಡದು ಎಐಸಿಟಿಇಯ, ಅಂದರೆ ಕೇಂದ್ರದ ತಾಂತ್ರಿಕ ಶಿಕ್ಷಣ ಮಂಡಳಿಯ, ಪ್ರಗತಿ. ವರ್ಷಕ್ಕೆ 50,000 ರೂಪಾಯಿ. ಕುಟುಂಬದ ಆದಾಯ 8 ಲಕ್ಷದೊಳಗೆ ಇರಬೇಕು. ಒಂದು ಮನೆಯಿಂದ ಇಬ್ಬರು ಹೆಣ್ಣುಮಕ್ಕಳಿಗೆ ಮಾತ್ರ. ಎಐಸಿಟಿಇ ಮಾನ್ಯತೆ ಇರುವ ಕಾಲೇಜಿನಲ್ಲಿ ಮೊದಲ ವರ್ಷಕ್ಕೆ ಸೇರಿದವರು ಹಾಕಬಹುದು, ಅವರಿಗೆ 4 ವರ್ಷ. ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಬಂದವರಿಗೆ 3 ವರ್ಷ. ಪಾಲಿಟೆಕ್ನಿಕ್ ಹುಡುಗಿಯರು ಇದನ್ನು ಗಮನಿಸಿ, ಡಿಪ್ಲೊಮಾ ಓದುವಾಗಲೂ ಪ್ರಗತಿ ಇದೆ. ಆಯ್ಕೆ ಹಿಂದಿನ ಪರೀಕ್ಷೆಯ ಅಂಕದ ಮೇಲೆ. ಅಂಗವಿಕಲ ವಿದ್ಯಾರ್ಥಿಗಳಿಗೆ ಸಕ್ಷಮ್, ತಂದೆ ತಾಯಿ ಇಲ್ಲದವರಿಗೆ ಸ್ವನಾಥ್ ಎಂಬ ಬೇರೆ ಯೋಜನೆಗಳಿವೆ.

ಸರ್ಕಾರಿ ಶಾಲೆಯಲ್ಲಿ ಓದಿದವರು ಬಿಡಲೇಬಾರದ್ದು ಅಜೀಂ ಪ್ರೇಮ್‌ಜಿ ಫೌಂಡೇಶನ್ ಕೊಡುವ ವಿದ್ಯಾರ್ಥಿವೇತನ. ವರ್ಷಕ್ಕೆ 30,000. ಕರ್ನಾಟಕದಲ್ಲಿ 2025ರಲ್ಲಿ ಬಂದಾಗ ಇದಕ್ಕೆ 'ದೀಪಿಕಾ' ಎಂದು ಹೆಸರಿಟ್ಟರು. ಹತ್ತನೇ ತರಗತಿ ಮತ್ತು ಪಿಯುಸಿ ಎರಡನ್ನೂ ಸರ್ಕಾರಿ ಶಾಲೆ ಕಾಲೇಜಿನಲ್ಲಿ ಓದಿರಬೇಕು. ಚಿಂಚೋಳಿ, ಔರಾದ್, ಸುರಪುರದ ಹಳ್ಳಿಗಳಿಂದ ಬರುವ ಎಷ್ಟೋ ಹುಡುಗಿಯರಿಗೆ ಇದು ಅಳತೆ ತೆಗೆದು ಹೊಲಿದ ಹಾಗಿದೆ. ನನ್ನನ್ನು ಕೇಳಿದರೆ ಅವರು ಮೊದಲು ಇದನ್ನೇ ನೋಡಲಿ.

ರಾಜ್ಯ ಸರ್ಕಾರದವು ಎಸ್‌ಎಸ್‌ಪಿ, ಅಂದರೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಬರುತ್ತವೆ. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಎಲ್ಲ ಅಲ್ಲೇ. ರೈತರ ಮಕ್ಕಳಿಗೆ 2021ರಲ್ಲಿ ಬಂದ ರೈತ ವಿದ್ಯಾನಿಧಿಯೂ ಇದೆ. ಬಿಇ ಓದುವ ಹುಡುಗರಿಗೆ 10,000, ಹುಡುಗಿಯರಿಗೆ 11,000. ಇದಕ್ಕೆ ಅಪ್ಪ ಅಥವಾ ಅವ್ವನ ಹೆಸರಿನಲ್ಲಿ ಫ್ರೂಟ್ಸ್ ಐಡಿ, ಅಂದರೆ ರೈತರ ನೋಂದಣಿ ಸಂಖ್ಯೆ ಬೇಕು. ಪಹಣಿ ಇನ್ನೂ ಮುತ್ಯಾನ ಹೆಸರಿನಲ್ಲೇ ಇದ್ದರೆ ಇಲ್ಲಿ ಗಾಡಿ ನಿಲ್ಲುತ್ತದೆ. ಮೊದಲು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ.

ಇನ್ನೊಂದು ಸ್ಕಾಲರ್‌ಶಿಪ್ ಅಲ್ಲ, ಆದರೆ ಅದಕ್ಕಿಂತ ಜಾಸ್ತಿ ಉಳಿಸುತ್ತದೆ. ಎಸ್‌ಎನ್‌ಕ್ಯೂ ಕೋಟಾ. ಶೇ 5ರಷ್ಟು ಹೆಚ್ಚುವರಿ ಸೀಟು, ಬೋಧನಾ ಶುಲ್ಕ ಮಾಫಿ, ಆದಾಯದ ಮಿತಿ 8 ಲಕ್ಷ. ಇದನ್ನು ಸಿಇಟಿ ನಡೆಸುವ ಕೆಇಎ ಅರ್ಜಿಯಲ್ಲೇ ಕೇಳಿಕೊಳ್ಳಬೇಕು. ಈಗ ಪಿಯುಸಿ ಓದುತ್ತಿರುವ ತಂಗಿ ಮನೆಯಲ್ಲಿದ್ದರೆ ಅವಳಿಗೆ ಹೇಳಿಡಿ.

ಇನ್ಫೋಸಿಸ್ ಫೌಂಡೇಶನ್ 2023ರಲ್ಲಿ ಹುಡುಗಿಯರಿಗಾಗಿ ಶುರು ಮಾಡಿದ ಸ್ಟೆಮ್ ಸ್ಟಾರ್ಸ್ ವರ್ಷಕ್ಕೆ 1 ಲಕ್ಷದವರೆಗೆ ಕೊಡುತ್ತದೆ. ಅವರು ಒಪ್ಪುವ ಕಾಲೇಜುಗಳಲ್ಲಿ ನಿಮ್ಮದು ಇದೆಯೇ ಎಂದು ನೋಡಿಕೊಂಡು ಹಾಕಿ.

ಊರಿನ ದುಡ್ಡು ಬೇರೆ. ಹಳೆಯ ವಿದ್ಯಾರ್ಥಿಗಳ ಸಂಘ, ಸಮಾಜದ ಟ್ರಸ್ಟು, ಮಠ, ಸಹಕಾರಿ ಬ್ಯಾಂಕು ಕೊಡುವ 5 ಸಾವಿರ, 10 ಸಾವಿರ. ಇದಕ್ಕೆ ಪೋರ್ಟಲ್ ಇರುವುದಿಲ್ಲ. ನೋಟಿಸ್ ಬೋರ್ಡಿನ ಮೂಲೆಯಲ್ಲಿ ಒಂದು ಚೀಟಿ, ಇಲ್ಲವೇ ಪೇಪರಿನಲ್ಲಿ 'ಪ್ರತಿಭಾ ಪುರಸ್ಕಾರಕ್ಕೆ ಅರ್ಜಿ' ಎಂಬ ನಾಲ್ಕು ಸಾಲು, ಅಷ್ಟೇ. ಕಾಲೇಜಿನ ಸ್ಟೂಡೆಂಟ್ ಸೆಕ್ಷನ್‌ನಲ್ಲಿ ತಿಂಗಳಿಗೊಮ್ಮೆ ವಿಚಾರಿಸಿ. ಬಿಳಿ ಹಾಳೆಯ ಮೇಲೆ ನೀಟಾಗಿ ಒಂದು ಪುಟದ ಅರ್ಜಿ ಬರೆದು, ಅಂಕಪಟ್ಟಿ ಮತ್ತು ಫೀಸಿನ ರಸೀದಿ ಜೆರಾಕ್ಸ್ ಹಚ್ಚಿ ಇಟ್ಟುಕೊಂಡಿರಿ.

ಸರ್ಕಾರದ ಎರಡು ಸ್ಕಾಲರ್‌ಶಿಪ್ ಒಟ್ಟಿಗೆ ತಗೊಳ್ಳಲು ಸಾಮಾನ್ಯವಾಗಿ ಬಿಡುವುದಿಲ್ಲ. ಪ್ರಗತಿ ಸಿಕ್ಕರೆ ಬೇರೆ ಯಾವುದು ಬಿಡಬೇಕು ಎಂದು ನಿಯಮ ಓದಿ ನಿರ್ಧರಿಸಿ.

ಅರ್ಜಿ ತುಂಬುವಾಗ

ಪ್ರಗತಿಗೆ ಎನ್‌ಎಸ್‌ಪಿ, ಅಂದರೆ ಕೇಂದ್ರದ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್. ಮೊದಲು ಒಟಿಆರ್, ಅಂದರೆ ಒಂದೇ ಸಲ ಮಾಡುವ ನೋಂದಣಿ. ಮೊಬೈಲ್ ಆ್ಯಪ್‌ನಲ್ಲಿ ಮುಖ ತೋರಿಸಿ ದೃಢಪಡಿಸಬೇಕು. ಸಿಗುವ ಸಂಖ್ಯೆ ಓದು ಮುಗಿಯುವವರೆಗೂ ಬೇಕು. ಎಸ್‌ಎಸ್‌ಪಿಯಲ್ಲಿ ದಾಖಲೆಗಳಿಗೆ ಇ-ಅಟೆಸ್ಟೇಶನ್, ಅಂದರೆ ಆನ್‌ಲೈನ್ ದೃಢೀಕರಣ ಆಗಬೇಕು. ಕಾಲೇಜಿನಲ್ಲಿ ಅದಕ್ಕೊಬ್ಬ ಅಧಿಕಾರಿ ಇರುತ್ತಾರೆ, ಮೂಲ ಪ್ರತಿ ತಗೊಂಡು ಹೋಗಿ.

ಸೈಬರ್ ಸೆಂಟರಿಗೆ ಹೋದರೆ ಒಂದು ಕಣ್ಣು ಪರದೆ ಮೇಲಿರಲಿ. ಅಲ್ಲಿ ಗಡಿಬಿಡಿ ಜಾಸ್ತಿ. ಅಂಗಡಿಯ ಹುಡುಗರು ಬೇಗ ಮುಗಿಯಲಿ ಎಂದು ತಮ್ಮ ಮೊಬೈಲ್ ನಂಬರನ್ನೇ ಹಾಕಿಬಿಡುತ್ತಾರೆ. ಮುಂದಿನ ವರ್ಷ ಒಟಿಪಿ ಅವರ ಫೋನಿಗೆ ಹೋಗುತ್ತದೆ, ಅಂಗಡಿ ಅಷ್ಟರಲ್ಲಿ ಬೇರೆ ಕಡೆ ಹೋಗಿರುತ್ತದೆ. ನಂಬರ್ ಮನೆಯದೇ ಇರಲಿ. ಪಾಸ್‌ವರ್ಡ್ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. "ಇಷ್ಟು ಕೊಡಿ, ಮಂಜೂರು ಮಾಡಿಸ್ತೀನಿ" ಎನ್ನುವವರು ಸಿಕ್ಕರೆ ಎದ್ದು ಬನ್ನಿ. ಅರ್ಜಿಗೆ ಸರ್ಕಾರ ಶುಲ್ಕ ತಗೊಳ್ಳುವುದಿಲ್ಲ.

ಸಬ್‌ಮಿಟ್ ಒತ್ತಿದ ಮೇಲೆ

ಇಲ್ಲೇ ಬಹಳ ಜನ ಕೈ ತೊಳೆದುಕೊಳ್ಳುತ್ತಾರೆ. ಅರ್ಜಿಯನ್ನು ಕಾಲೇಜಿನವರು ತಮ್ಮ ಲಾಗಿನ್‌ನಲ್ಲಿ ಪರಿಶೀಲಿಸಿ ಮುಂದೆ ಕಳಿಸಬೇಕು. ಅವರ ಮುಂದೆ ನೂರಾರು ಅರ್ಜಿ ಇರುತ್ತವೆ. ಪ್ರಿಂಟ್ ತೆಗೆದು, ದಾಖಲೆ ಹಚ್ಚಿ, ಕೈಯಾರೆ ಕೊಟ್ಟು ಬನ್ನಿ. ವಾರ ಬಿಟ್ಟು "ಸರ್, ನಂದು ವೆರಿಫೈ ಆತೇನ್ರಿ?" ಎಂದು ಕೇಳಿ. ನಾಚಿಕೆ ಬೇಡ. ಪೋರ್ಟಲ್‌ನಲ್ಲಿ 'ಡಿಫೆಕ್ಟಿವ್' ಎಂದು ಬಂದರೆ ಗಾಬರಿಯಾಗಬೇಡಿ, ತಿರಸ್ಕಾರ ಅಂತಲ್ಲ. ತಪ್ಪು ಏನೆಂದು ಅಲ್ಲೇ ಬರೆದಿರುತ್ತದೆ, ಕೊನೆಯ ದಿನದೊಳಗೆ ತಿದ್ದಿ ಮತ್ತೆ ಕಳಿಸಬಹುದು.

ದುಡ್ಡು ಬಂದ ಮೇಲೂ ಕೆಲಸ ಉಳಿದಿದೆ. ಪ್ರಗತಿಯನ್ನು ಪ್ರತಿ ವರ್ಷ ನವೀಕರಿಸಬೇಕು. ಮುಂದಿನ ವರ್ಷಕ್ಕೆ ಪಾಸಾದ ಅಂಕಪಟ್ಟಿ ಬೇಕು, ವರ್ಷ ಕೆಟ್ಟರೆ ನಿಲ್ಲುತ್ತದೆ. ನಮ್ಮ ಹುಡುಗಿ ಪ್ರಗತಿ ಕಳೆದುಕೊಂಡಳು ಎಂದೆನಲ್ಲ, ಈಗ ಅವಳ ತಂಗಿ ಪಿಯುಸಿ ಎರಡನೇ ವರ್ಷ. ಅಕ್ಕನೇ ಕೂತು ತಂಗಿಯ ಆಧಾರಿನಲ್ಲಿ 'ಶ್ರೀ' ಎಣಿಸಿ ನೋಡಿದ್ದಾಳೆ. ಎರಡು 'ಇ' ಇವೆ, ಮಾರ್ಕ್ಸ್ ಕಾರ್ಡಿನಲ್ಲೂ ಎರಡೇ.