ಮಗುವನ್ನು ಬೇಸಿಗೆ ಕ್ರೀಡಾ ಶಿಬಿರಕ್ಕೆ ಸೇರಿಸುವ ಮುನ್ನ

ಪರೀಕ್ಷೆ ಮುಗಿದರೆ ಸಾಕು, ದಾವಣಗೆರೆಯ ಮೈದಾನಗಳಲ್ಲೆಲ್ಲ ಮಕ್ಕಳದೇ ಗದ್ದಲ. ಇದೇ ಊರಿನ ಕ್ರಿಕೆಟಿಗ ವಿನಯ್ ಕುಮಾರ್ ಬೌಲಿಂಗ್ ಮಾಡುತ್ತಲೇ ಭಾರತ ತಂಡ ಸೇರಿ ‘ದಾವಣಗೆರೆ ಎಕ್ಸ್‌ಪ್ರೆಸ್’ ಅನ್ನಿಸಿಕೊಂಡರು. ಕುಸ್ತಿಗೂ ಇದು ಹೆಸರಾದ ಊರು. ಹೆತ್ತವರಿಗೆ ಆಸೆ ಇರುವುದು ಸಹಜ. ಆದರೆ ‘ನೋಯ್ತಿದೆ, ಇವತ್ತು ಆಡಲ್ಲ’ ಅಂತ ಮಗು ಹೆದರದೆ ಹೇಳುವಂತಿರಬೇಕು. ಅದಿಲ್ಲದಿದ್ದರೆ ಎಂಥ ಕೋಚಿಂಗೂ ಉಪಯೋಗವಿಲ್ಲ.

ಫೀಸ್ ಕಟ್ಟುವ ಮೊದಲು ಒಂದು ದಿನ ಸುಮ್ನೆ ಹೋಗಿ ಮೂಲೆಯಲ್ಲಿ ನಿಂತು ನೋಡಿ. ಕ್ಯಾಚ್ ಬಿಟ್ಟ ಹುಡುಗನಿಗೆ ಕೋಚ್ ಏನನ್ನುತ್ತಾರೆ? ಕಬಡ್ಡಿ ಅಂಗಳದಲ್ಲಿ ಕಲ್ಲು ಆರಿಸಿದ್ದಾರಾ? ಪ್ರಥಮ ಚಿಕಿತ್ಸೆಯ ಡಬ್ಬಿ, ಹೆಣ್ಣುಮಕ್ಕಳಿಗೆ ಶೌಚಾಲಯ ಇವೆಯಾ? ಪೆಟ್ಟಾದರೆ ಆಸ್ಪತ್ರೆಗೆ ಯಾರು ಕರೆದೊಯ್ಯುತ್ತಾರೆ ಅಂತ ನೇರವಾಗಿ ಕೇಳಿ. ತಂದೆತಾಯಿ ಬಂದು ನೋಡುವುದು ಬೇಡ ಅನ್ನುವ ಶಿಬಿರಕ್ಕೆ ಮಕ್ಕಳನ್ನು ಕಳಿಸಲೇಬೇಡಿ.

ಆಮೇಲೆ ಸಮಯ. ಏಪ್ರಿಲ್‌ನಲ್ಲಿ ನಮ್ಮ ಬಿಸಿಲು 38 ಡಿಗ್ರಿ ಮುಟ್ಟುವುದುಂಟು. ಬೆಳಗಿನ ಅಭ್ಯಾಸ ಎಂಟೂವರೆಯೊಳಗೆ ಮುಗಿಯಲಿ. 15–20 ನಿಮಿಷಕ್ಕೊಮ್ಮೆ ನೀರು ಕುಡಿಸಬೇಕು. ಓಆರ್‌ಎಸ್ ಕೊಡುವುದಾದರೆ ಪ್ಯಾಕೆಟ್ ಮೇಲೆ ಬರೆದಷ್ಟೇ ನೀರಿಗೆ ಕಲಸಿ. ಮಗು ತೂರಾಡಿದರೆ, ಏನೇನೋ ಮಾತಾಡಿದರೆ ನೆರಳಿಗೆ ತಂದು ಮೈಮೇಲೆಲ್ಲ ನೀರು ಸುರಿದು ಗಾಳಿ ಹಾಕಿ, 108ಕ್ಕೆ ಕರೆ ಮಾಡಿ. ಕುಸ್ತಿಗೆ ತೂಕ ಇಳಿಸಲೆಂದು ಊಟ, ನೀರು ಬಿಡಿಸುವುದಕ್ಕೆ ಯಾವ ಕಾರಣಕ್ಕೂ ಒಪ್ಪಬೇಡಿ.

ತಲೆಗೆ ಪೆಟ್ಟು ಬಿದ್ದ ಮಗುವನ್ನು ಆ ದಿನ ಮತ್ತೆ ಆಡಿಸಲೇಬಾರದು. ಎದ್ದು ನಿಂತು ‘ಏನೂ ಆಗಿಲ್ಲ ಸರ್’ ಅಂದರೂ ಅಷ್ಟೇ. ಇವತ್ತು ಯಾವ ವಾರ, ಯಾರ ಜೊತೆ ಮ್ಯಾಚ್ ಅಂತ ಕೇಳಿ ನೋಡಿ. ತಡವರಿಸಿದರೆ, ವಾಂತಿಯಾದರೆ, ತಲೆನೋವು ಜಾಸ್ತಿಯಾಗುತ್ತಾ ಹೋದರೆ, ಮಂಪರು ಹತ್ತಿದರೆ ಆಸ್ಪತ್ರೆಗೆ ಓಡಬೇಕು. ಈ ಲಕ್ಷಣಗಳು ಕೆಲವೊಮ್ಮೆ ಮನೆಗೆ ಬಂದ ಮೇಲೆ ಕಾಣಿಸುತ್ತವೆ. ಹಾಗಾಗಿ ಆ ರಾತ್ರಿ ಮಗುವಿನ ಮೇಲೆ ಕಣ್ಣಿಡಿ. ಡಾಕ್ಟರ್ ಹೂಂ ಅನ್ನುವವರೆಗೆ ಮೈದಾನಕ್ಕೆ ಕಳಿಸಬೇಡಿ. ಲೆದರ್ ಬಾಲ್ ಇದ್ದರೆ ನೆಟ್ಸ್‌ನಲ್ಲೂ ಹೆಲ್ಮೆಟ್ ಬೇಕು.

ಕಾಲು ಉಳುಕಿದರೆ ಎಣ್ಣೆ ಹಚ್ಚಿ ನೀವುವುದು ನಮ್ಮಲ್ಲಿ ರೂಢಿ. ಮೊದಲ ಎರಡು ದಿನ ನೀವಬೇಡಿ, ಊತ ಏರುತ್ತದೆ. ಐಸನ್ನು ಬಟ್ಟೆಯಲ್ಲಿ ಸುತ್ತಿ 15 ನಿಮಿಷ ಇಡಿ, ಕಾಲನ್ನು ದಿಂಬಿನ ಮೇಲಿಡಿ. ಕಾಲೂರಲು ಆಗದಿದ್ದರೆ ಎಕ್ಸ್‌ರೇ ಮಾಡಿಸಿ. ವಾರಕ್ಕೆ ಒಂದು ದಿನವಾದರೂ ಪೂರ್ತಿ ರಜೆ ಕೊಡಿ.

ಇನ್ನು ನಮ್ಮ ಬಾಯಿ. ಬೌಂಡರಿ ಗೆರೆಯ ಹೊರಗಿನಿಂದ ‘ಹೊಡಿಯೋ, ಓಡೋ’ ಅಂತ ಕೂಗಿದರೆ ಮಗು ಕೋಚ್ ಮಾತು ಕೇಳಬೇಕೋ, ಅಪ್ಪನದೋ? ಸೋತು ಬಂದ ಮಗುವಿಗೆ ಗಾಡಿ ಹತ್ತಿಸಿಕೊಂಡ ತಕ್ಷಣ ಪಾಠ ಶುರು ಮಾಡಬೇಡಿ. ಹಸಿವಾಗಿದೆಯಾ ಅಂತ ಕೇಳಿ. ಮ್ಯಾಚ್ ವಿಷಯ ಅದಾಗಿಯೇ ತೆಗೆದರೆ ಮಾತಾಡಿ.

ಕೊನೆಯ ಮಾತನ್ನು ಶಿಬಿರಕ್ಕೆ ಸೇರಿಸಿದ ದಿನವೇ ಮಗುವಿಗೆ ಹೇಳಿಬಿಡಿ. ಯಾರೇ ಆಗಲಿ ಬೇಡದ ಕಡೆ ಮುಟ್ಟಿದರೆ, ‘ಮನೇಲಿ ಹೇಳ್ಬೇಡ’ ಅಂದರೆ ಮೊದಲು ಮನೆಯಲ್ಲೇ ಹೇಳಬೇಕು. ಮಗುವನ್ನು ಬೇರೆ ಊರಿನ ಟೂರ್ನಿಗೆ ಕೋಚ್ ಒಬ್ಬರ ಜೊತೆಯೇ ಕಳಿಸಬೇಡಿ. ಇನ್ನೊಬ್ಬ ಪೋಷಕರಾದರೂ ಇರಲಿ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆ 2012ರಿಂದ ಜಾರಿಯಲ್ಲಿದೆ. ಗಂಡು, ಹೆಣ್ಣು ಎನ್ನದೆ 18 ವರ್ಷದೊಳಗಿನ ಎಲ್ಲ ಮಕ್ಕಳಿಗೂ ಅದರ ರಕ್ಷಣೆ ಇದೆ. ಮಗು ಬಾಯಿಬಿಟ್ಟರೆ ನಂಬಿ. ಪೊಲೀಸರಿಗೆ ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಕರೆ ಉಚಿತ, ರಾತ್ರಿಯೂ ಎತ್ತುತ್ತಾರೆ.