ಬಿಲ್ಲಿನ ಕಟ್ಟಿನಿಂದ ರಿಟರ್ನ್‌ವರೆಗೆ: ಬಿ.ಕಾಂ. ವಿದ್ಯಾರ್ಥಿಗಳಿಗೆ ಲೆಕ್ಕದ ಕೆಲಸ ಕಲಿಸುವ ನಮ್ಮ ಬಗೆ

ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ (ಖರೀದಿಗೆ ಕೊಟ್ಟ ಜಿಎಸ್‌ಟಿಯನ್ನು ಮಾರಾಟದ ಜಿಎಸ್‌ಟಿಯಿಂದ ಕಳೆದುಕೊಳ್ಳುವುದು) ಎಂದರೇನು ಎಂದು ಕೇಳಿದರೆ ಕೊನೆಯ ವರ್ಷದ ಬಿ.ಕಾಂ. ವಿದ್ಯಾರ್ಥಿ ಅರ್ಧ ಪುಟ ಬರೆದುಕೊಡುತ್ತಾನೆ. ಹಾರ್ಡ್‌ವೇರ್ ಅಂಗಡಿಯೊಂದರ ಒಂದು ತಿಂಗಳ ಬಿಲ್ಲುಗಳನ್ನು ಮುಂದಿಟ್ಟರೆ ಎಲ್ಲಿಂದ ಶುರು ಮಾಡಬೇಕೆಂದು ತೋಚುವುದಿಲ್ಲ. ಆಡಿಟರ್ ಆಫೀಸಿನವರು ಸಂಬಳ ಕೊಡುವುದು ಈ ಎರಡನೆಯ ಕೆಲಸಕ್ಕೆ. ಹಾಗಾಗಿ ನಮ್ಮ ವಾಣಿಜ್ಯ ವಿಭಾಗದ ಕೌಶಲ ತರಬೇತಿ ಪೂರ್ತಿ ನಿಂತಿರುವುದು ಬಿಲ್ಲಿನ ಕಟ್ಟಿನ ಮೇಲೆ.

ಒಬ್ಬರಿಗೆ ಒಂದು ಕಟ್ಟು: ಖರೀದಿ ಬಿಲ್ಲು 40, ಮಾರಾಟದ್ದು 60, ಖರ್ಚಿನ ಚೀಟಿ 20, ಜೊತೆಗೆ ಬ್ಯಾಂಕ್ ಸ್ಟೇಟ್‌ಮೆಂಟ್. ಊರಿನ ಅಂಗಡಿಯವರ ಒಪ್ಪಿಗೆ ಪಡೆದು ಜೆರಾಕ್ಸ್ ಮಾಡಿಸಿ, ಹೆಸರು, ಫೋನ್ ನಂಬರು, ಜಿಎಸ್‌ಟಿ ನಂಬರು ಬದಲಿಸುತ್ತೇವೆ. ಬದಲಿಸುವಾಗ ನಂಬರಿನ ರಚನೆ ಕೆಡಬಾರದು. ಒಟ್ಟು 15 ಅಕ್ಷರ. ಮೊದಲ 2 ರಾಜ್ಯದ ಕೋಡ್, ಮುಂದಿನ 10 ಪ್ಯಾನ್. 29 ಎಂದರೆ ಕರ್ನಾಟಕ, 33 ತಮಿಳುನಾಡು. ಹೊಸೂರಿನಿಂದ ಬಂದ ಪೈಪಿನ ಬಿಲ್ಲನ್ನು ಪಕ್ಕದೂರಿನದೆಂದು ತಿಳಿದು ಹೊರರಾಜ್ಯದ ಬಿಲ್ಲಿಗಿರುವ ಐಜಿಎಸ್‌ಟಿ ಬದಲು ರಾಜ್ಯದೊಳಗಿನ ಬಿಲ್ಲಿನ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಹಾಕುವವರು ಪ್ರತಿ ಬ್ಯಾಚಿನಲ್ಲೂ ಸಿಗುತ್ತಾರೆ. ಊರಿನ ಹೆಸರು ನೋಡಬೇಡ, ಮೊದಲ ಎರಡು ಅಂಕಿ ನೋಡು ಎನ್ನುವುದು ನಾವು ಮಾಡಿಸುವ ಮೊದಲ ರೂಢಿ.

ಕಟ್ಟಿನಲ್ಲಿ ಬೇಕೆಂದೇ ಕೆಲವು ತೊಡಕಿನ ಬಿಲ್ಲು ಸೇರಿಸುತ್ತೇವೆ. ಕಾಂಪೊಸಿಷನ್ ವ್ಯಾಪಾರಿಯ (ಗಿರಾಕಿಯಿಂದ ತೆರಿಗೆ ವಸೂಲಿ ಮಾಡದೆ ವಹಿವಾಟಿನ ಮೇಲೆ ಕಡಿಮೆ ದರದಲ್ಲಿ ತಾನೇ ಕಟ್ಟುವ ಸಣ್ಣ ವ್ಯಾಪಾರಿ) ತೆರಿಗೆ ತೋರಿಸದ ಬಿಲ್ಲು, ಅಂದರೆ ಬಿಲ್ ಆಫ್ ಸಪ್ಲೈ ಒಂದು, ಅದಕ್ಕೆ ಕ್ರೆಡಿಟ್ ಇಲ್ಲ. ಮಾಲೀಕರ ಮನೆಗೆ ತಂದ ಫ್ರಿಜ್ಜಿನ ಬಿಲ್ಲು ಒಂದು, ಅಂಗಡಿಯ ಹೆಸರಲ್ಲೇ ಇದ್ದರೂ ಕ್ರೆಡಿಟ್ ತೆಗೆಯುವಂತಿಲ್ಲ. ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಲಾರಿ ಬಾಡಿಗೆಯಲ್ಲಿ. ಟ್ರಾನ್ಸ್‌ಪೋರ್ಟ್ ಏಜೆನ್ಸಿಯ ಬಿಲ್ಲು ₹8,000, ಅದರಲ್ಲಿ ತೆರಿಗೆ ಹಾಕಿಲ್ಲ, ಕೆಳಗೆ ಸಣ್ಣ ಅಕ್ಷರದಲ್ಲಿ ತೆರಿಗೆ ಕಟ್ಟುವ ಹೊಣೆ ಸೇವೆ ಪಡೆದವರದು ಎಂದಿದೆ. ಬಾಡಿಗೆ ಖರ್ಚು ಎಂದು ಒಂದು ಪೇಮೆಂಟ್ ವೋಚರ್ ಹಾಕಿ ಎದ್ದುಬಿಡುತ್ತಾರೆ. ರಿವರ್ಸ್ ಚಾರ್ಜ್‌ನಲ್ಲಿ 5%, ಅಂದರೆ ₹400, ಅಂಗಡಿಯವರೇ ಕಟ್ಟಬೇಕು. ಅದೂ ಕ್ಯಾಶ್ ಲೆಡ್ಜರಿನಿಂದ, ಅಂದರೆ ಪೋರ್ಟಲ್‌ನಲ್ಲಿ ದುಡ್ಡು ತುಂಬುವ ಖಾತೆಯಿಂದ. ಕ್ರೆಡಿಟ್ ಎಷ್ಟೇ ಉಳಿದಿದ್ದರೂ ಇದಕ್ಕೆ ಬಳಸಲಾಗದು. ಕಟ್ಟಿದ ಮೇಲೆ ಅದೇ ₹400 ಕ್ರೆಡಿಟ್ ಆಗಿ ವಾಪಸು ಬರುತ್ತದೆ. ಬರುವುದೇ ಆದರೆ ಕಟ್ಟುವುದೇಕೆ ಎಂದು ಕೇಳುತ್ತಾರೆ. ಕಟ್ಟದಿದ್ದರೆ ಬಡ್ಡಿ ಬೀಳುತ್ತದೆ ಎಂದು ಲೆಕ್ಕ ಹಾಕಿಸಿದರೆ ಸಾಕು.

ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿಯ ಎಜುಕೇಷನಲ್ ಮೋಡ್ ಉಚಿತ, ಆದರೆ ತಿಂಗಳ 1, 2 ಮತ್ತು 31ನೇ ತಾರೀಕಿಗೆ ಮಾತ್ರ ವೋಚರ್ ಹಾಕಬಹುದು. ಲೆಡ್ಜರ್ ಮಾಡುವುದನ್ನು ಕಲಿಯಲು ಪರವಾಗಿಲ್ಲ. ನಿಜವಾದ ಕಟ್ಟಿಗೆ ಸಾಲದು. ಲ್ಯಾಬಿನ ಎಲ್ಲ ಕಂಪ್ಯೂಟರಿಗೆ ಬೇಕಾದರೆ ಮಲ್ಟಿ ಯೂಸರ್ ಲೈಸೆನ್ಸ್ ಒಂದನ್ನು ತೆಗೆದುಕೊಳ್ಳಿ. 2025ರ ಸೆಪ್ಟೆಂಬರ್ ತಿಂಗಳ ಕಟ್ಟನ್ನು ನಾವು ವಿಶೇಷವಾಗಿ ಇಟ್ಟುಕೊಂಡಿದ್ದೇವೆ: 22ರಂದು ಸಿಮೆಂಟಿನ ಜಿಎಸ್‌ಟಿ ದರ 28%ರಿಂದ 18%ಕ್ಕೆ ಇಳಿಯಿತು. ಸ್ಟಾಕ್ ಐಟಮ್‌ನಲ್ಲಿ ಹೊಸ ದರವನ್ನು 22ರಿಂದ ಅನ್ವಯ ಎಂದು ಸೇರಿಸಬೇಕು. ಹಳೆಯದನ್ನು ಅಳಿಸಿ 18 ಎಂದು ಹಾಕಿದವರು ಆಮೇಲೆ ಕಟ್ಟಿನ ತಳದಿಂದ 15ನೇ ತಾರೀಕಿನ ಬಿಲ್ಲು ತೆಗೆದಾಗ ಅದಕ್ಕೂ 18 ಬೀಳುತ್ತದೆ.

ಮುಂದಿನ ಘಟ್ಟ 2ಬಿ ಹೊಂದಿಸುವುದು. ಮಾರಿದವರು ಜಿಎಸ್‌ಟಿಆರ್-1 ಎಂಬ ತಮ್ಮ ಮಾರಾಟದ ರಿಟರ್ನ್‌ನಲ್ಲಿ ತೋರಿಸಿದ ಬಿಲ್ಲುಗಳಿಂದ ತಯಾರಾಗುವ ನಮ್ಮ ಖರೀದಿ ಪಟ್ಟಿಯೇ 2ಬಿ. ಪೋರ್ಟಲ್‌ನಲ್ಲಿ 2ಬಿ ಬರುವುದು ಮುಂದಿನ ತಿಂಗಳ 14ಕ್ಕೆ. ಅದರಲ್ಲಿ ಕಾಣದ ಖರೀದಿಗೆ ಆ ತಿಂಗಳು ಕ್ರೆಡಿಟ್ ಇಲ್ಲ. ಯಾರ ಲಾಗಿನ್ನನ್ನೂ ವಿದ್ಯಾರ್ಥಿಗಳ ಕೈಗೆ ಕೊಡುವಂತಿಲ್ಲವಾದ್ದರಿಂದ ಅದೇ ಮಾದರಿಯ ಎಕ್ಸೆಲ್ ಹಾಳೆ ನಾವೇ ತಯಾರಿಸುತ್ತೇವೆ. ಬಿಲ್ ನಂಬರ್ ಇಟ್ಟುಕೊಂಡು ವಿಲುಕಪ್ (VLOOKUP, ಒಂದು ಪಟ್ಟಿಯಲ್ಲಿರುವುದನ್ನು ಇನ್ನೊಂದರಲ್ಲಿ ಹುಡುಕುವ ಎಕ್ಸೆಲ್ ಸೂತ್ರ) ಹಾಕಿದರೆ ಅರ್ಧಕ್ಕರ್ಧ ಹೊಂದುವುದಿಲ್ಲ, ಯಾಕೆಂದರೆ ಪುಸ್ತಕದಲ್ಲಿ 45 ಎಂದಿರುತ್ತದೆ, 2ಬಿಯಲ್ಲಿ 0045. ಕೆಲವು ಕಡೆ ಕೊನೆಗೊಂದು ಕಾಣದ ಸ್ಪೇಸ್. ಮೊದಲು ಟ್ರಿಮ್ ಸೂತ್ರದಿಂದ ಹೆಚ್ಚುವರಿ ಸ್ಪೇಸ್ ತೆಗೆಯಿರಿ, ಆಮೇಲೆ ಜಿಎಸ್‌ಟಿ ನಂಬರನ್ನೂ ತೆರಿಗೆಗೆ ಒಳಪಡುವ ಮೌಲ್ಯವನ್ನೂ ಜೋಡಿಸಿ ಒಂದು ಕೀ ಮಾಡಿ ಹುಡುಕಿಸಿ. ಮೌಲ್ಯವನ್ನು ಪೂರ್ಣ ರೂಪಾಯಿಗೆ ರೌಂಡ್ ಮಾಡದಿದ್ದರೆ ಪೈಸೆ ವ್ಯತ್ಯಾಸಕ್ಕೆಲ್ಲ ತಪ್ಪು ತೋರಿಸುತ್ತದೆ. ಉಳಿದ ನಾಲ್ಕೈದು ಬಿಲ್ಲಿಗೆ ಸೂತ್ರವಿಲ್ಲ, ಮಾರಿದವರಿಗೆ ಫೋನ್ ಮಾಡಬೇಕು. ಆ ಫೋನನ್ನೂ ತರಗತಿಯಲ್ಲೇ ಮಾಡಿಸುತ್ತೇವೆ: “ಅಣ್ಣಾ, ನಿಮ್ಮ ಈ ಬಿಲ್ಲು ಜಿಎಸ್‌ಟಿಆರ್-1ರಲ್ಲಿ ಬಂದಿಲ್ಲ, ಒಂದು ಸಲ ನೋಡ್ತೀರಾ?” ಇಷ್ಟನ್ನು ತಡವರಿಸದೆ ಹೇಳಲು ಅಭ್ಯಾಸ ಬೇಕು.

ತಾರೀಕುಗಳನ್ನೂ ನಿಜದಂತೆಯೇ ಪಾಲಿಸುತ್ತೇವೆ. ತಿಂಗಳ ರಿಟರ್ನ್ ಆದರೆ ಮುಂದಿನ ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ, ಅಂದರೆ ತೆರಿಗೆ ಕಟ್ಟುವ ಸಾರಾಂಶ ರಿಟರ್ನ್. ಪೋರ್ಟಲ್‌ನ ಉಚಿತ ಆಫ್‌ಲೈನ್ ಟೂಲಿಗೆ ಹಾಕಿದರೆ ಎಷ್ಟೋ ತಪ್ಪುಗಳನ್ನು ಅದೇ ತೋರಿಸಿಕೊಡುತ್ತದೆ. 2025ರ ಜುಲೈ ತಿಂಗಳ ರಿಟರ್ನ್‌ನಿಂದ ಜಿಎಸ್‌ಟಿಆರ್-1ರಿಂದ 3ಬಿಗೆ ಬಂದ ತೆರಿಗೆ ಮೊತ್ತವನ್ನು ಅಲ್ಲಿ ತಿದ್ದಲು ಬರುವುದಿಲ್ಲ. ಜಿಎಸ್‌ಟಿಆರ್-1ನ್ನು ತಿದ್ದುವ ನಮೂನೆಯಾದ 1ಎಯಲ್ಲಿ ಸರಿಪಡಿಸಿಯೇ ಮುಂದೆ ಹೋಗಬೇಕು. ‘3ಬಿಯಲ್ಲಿ ನೋಡ್ಕೊಂಡ್ರಾಯ್ತು’ ಎನ್ನುವ ಹಳೆಯ ಆಫೀಸು ಮಾತನ್ನು ಕೇಳಿ ಬೆಳೆದವರಿಗೆ ಇದನ್ನು ಒತ್ತಿ ಹೇಳಬೇಕಾಗುತ್ತದೆ. ಪಿಎಫ್, ಇಎಸ್‌ಐ ಕೊನೆಗೆ, ಹತ್ತು ನೌಕರರ ಒಂದು ಹಾಳೆಯಲ್ಲಿ ಮುಗಿಯುತ್ತದೆ.

ಕೆಲಸದ ವಿಚಾರಕ್ಕೆ ಬಂದರೆ, ಆಡಿಟರ್ ಆಫೀಸಿಗೆ ಮಾರ್ಕ್ಸ್ ಕಾರ್ಡಿನ ಜೊತೆಗೆ ಮುಗಿಸಿದ ಕಟ್ಟಿನ ಫೈಲನ್ನೂ ಒಯ್ಯಲು ಹೇಳುತ್ತೇವೆ. ಹೊಂದದ ಬಿಲ್ಲುಗಳ ಪಟ್ಟಿ, ಪ್ರತಿಯೊಂದರ ಮುಂದೆ ಕಾರಣ. ಸಂದರ್ಶನ ಮಾಡುವವರು ತಿರುವಿ ನೋಡುವುದು ಆ ಹಾಳೆಯನ್ನೇ. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಆಧಾರದಲ್ಲಿ ಸಣ್ಣ ಅಂಗಡಿಗಳಿಗೆ ನೋಟಿಸ್ ಹೋದ ಮೇಲೆ ಬೇಕರಿ, ಕಾಂಡಿಮೆಂಟ್ಸ್‌ನವರೂ ಲೆಕ್ಕ ಬರೆಯುವವರನ್ನು ವಿಚಾರಿಸತೊಡಗಿದರು. ಸರಕು ಮಾರುವವರಿಗೆ ನೋಂದಣಿಯ ಮಿತಿ ವರ್ಷಕ್ಕೆ ₹40 ಲಕ್ಷ, ಸೇವೆಗೆ ₹20 ಲಕ್ಷ. ಮಿತಿಯ ಆಸುಪಾಸಿನಲ್ಲಿರುವ ಅಂಗಡಿಗೆ ಬೇಕಾದ್ದು ತಿಂಗಳ ವಹಿವಾಟಿನ ಸರಿಯಾದ ಲೆಕ್ಕ. ಮನೆಯವರು ಕಳಿಸಿದ ದುಡ್ಡನ್ನೂ ಮಾರಾಟದ ದುಡ್ಡನ್ನೂ ಬೇರೆ ಮಾಡಿ ಬರೆದಿಡುವ ಕೆಲಸ. ಇಂಥ ನಾಲ್ಕಾರು ಅಂಗಡಿ ಹಿಡಿದವರು ಊರು ಬಿಡಬೇಕಾಗಿಲ್ಲ.

ಸ್ವಂತವಾಗಿ ರಿಟರ್ನ್ ಸಲ್ಲಿಸಿಕೊಡಬೇಕೆನ್ನುವವರು ಜಿಎಸ್‌ಟಿ ಪ್ರಾಕ್ಟೀಷನರ್ ಆಗಿ ನೋಂದಾಯಿಸಬಹುದು. ಬಿ.ಕಾಂ. ಪದವಿ ಸಾಕು, ಅರ್ಜಿ ಪಿಸಿಟಿ-01. ನೋಂದಣಿಯಾದ ಎರಡು ವರ್ಷದೊಳಗೆ ನಾಸಿನ್ (ಪರೋಕ್ಷ ತೆರಿಗೆಗಳ ರಾಷ್ಟ್ರೀಯ ತರಬೇತಿ ಸಂಸ್ಥೆ) ನಡೆಸುವ ಪರೀಕ್ಷೆ ಪಾಸಾಗಬೇಕು: 100 ಪ್ರಶ್ನೆ, ಎರಡೂವರೆ ಗಂಟೆ, ಪಾಸಾಗಲು 50%. ಅರ್ಜಿ ಹಾಕಿ ಪರೀಕ್ಷೆಯನ್ನು ಮರೆತವರ ನೋಂದಣಿ ಉಳಿಯುವುದಿಲ್ಲ. ಕಟ್ಟು ಮುಗಿಸಿದ ನೆನಪು ಹಸಿಯಾಗಿರುವಾಗಲೇ ಬರೆಸುವುದು ಒಳ್ಳೆಯದು.